ಗುಂಡಿ ಪಾಸಾಗಲೆಂದು ಮಾವಶಿ ಸುರಿದ ನೀರು

ಇವತ್ತು ಆದ ಕೆಲಸ: ಹಾಲು ತಂದೆ. ಬಚ್ಚಲ ನಲ್ಲಿಗೆ ವಾಶರ್ ಬದಲಿಸಿದೆ. ಗಿರಣಿಗೆ ಜೋಳ ಕೊಟ್ಟೆ, ಹಿಟ್ಟು ತರುವುದನ್ನು ಮರೆತೆ. ಹೆಂಡತಿಯ ಸೀರೆಯನ್ನು ಫಾಲ್ ಹಚ್ಚಲು ಕೊಟ್ಟೆ. ಮಿರಜದಿಂದ ಅವಳನ್ನು ಗಾಡಿ ಮೇಲೆ ಕೂರಿಸಿಕೊಂಡು ಹೊರಟು, ಸಾಂಗಲಿಯಲ್ಲಿ ನಿಂತು, ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚೊಂದನ್ನು ಕೊಂಡೆ. ಹರಿಪುರದಲ್ಲಿ ಮಾವಶಿಯ ಶ್ಯಾವಿಗೆ ಮಷೀನಿನ ಅರ್ಥಿಂಗನ್ನು ಎರಡನೇ ಸಲ ಅಳೆದೆ. ಮೊದಲಿನವೆಲ್ಲ ಅರ್ಧ ತಾಸಿನ ಕೆಲಸ. ಈ ಕೊನೆಯದು ಇಡೀ ರವಿವಾರ ನುಂಗಿತು.

ಮಾವಶಿ ಅಂದರೆ ನನ್ನ ಹೆಂಡತಿಯ ತಾಯಿಯ ತಂಗಿ; ನಾನು ಅವರಿಗೆ ಜಾವಯಿಬಾಪು, ಅಂದರೆ ಅಳಿಯ. ಬೇಸಿಗೆ ಬಂತೆಂದರೆ ಅವರ ಪಡಸಾಲೆಯಲ್ಲಿ ಮಷೀನು ಗುಂಯ್ ಅನ್ನುತ್ತಿರುತ್ತದೆ, ಓಣಿಯ ಹೆಣ್ಣುಮಕ್ಕಳು ಹಿಟ್ಟು ನಾದಿಕೊಂಡು ಬಂದು ಪಾಳಿ ಹಚ್ಚಿ ಕೂತಿರುತ್ತಾರೆ. ಹತ್ತು ದಿನದ ಹಿಂದೆ ಎದುರುಮನೆಯಾಕೆ ಹಸಿ ಕೈಯಿಂದ ಮಷೀನು ಮುಟ್ಟಿ, "ಆಯೀ ಗ!" ಎಂದು ಚೀರಿ ಹಿಂದೆ ಸರಿದಿದ್ದಳು. ಪೆಟ್ಟಾಗಲಿಲ್ಲ, ಸುದ್ದಿಯಾಯಿತು. ಮರುದಿನ ಪಡಸಾಲೆ ಖಾಲಿ. ಮಾವಶಿಗೆ ಮಾತ್ರ ಎಂದೂ ಝುಮ್ ಅಂದಿರಲಿಲ್ಲ, ಏಕೆಂದರೆ ಅವರು ಕಟ್ಟಿಗೆಯ ಹಲಗೆ ಮೇಲೆ ನಿಂತೇ ಮಷೀನು ನಡೆಸುವುದು. ಮಷೀನು ಬಂದ ದಿನದಿಂದ ಅದು ಆ ಮನೆಯ ಪದ್ಧತಿ. ಪಾಳಿಯಲ್ಲಿ ಕೂತವರಿಗೆ ಹಲಗೆ ಎಲ್ಲಿಂದ ಬರಬೇಕು?

"ನಿಮ್ಮ ಅಳಿಯಾರು ಕುಪವಾಡದ ಕಾರಖಾನ್ಯಾಗ ಅರ್ಥಿಂಗ್ ಅಳೀತಾರಲ್ಲ, ಅವ್ರು ಸರಿ ಐತಿ ಅಂದ ಮ್ಯಾಲ ಬರ್ತೀವಿ" ಎಂದು ಎದುರುಮನೆಯಾಕೆ ಹೇಳಿದ್ದಳು. ಹಾಗಾಗಿ ಮಾವಶಿಯ ಇಡೀ ಬೇಸಿಗೆ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ತಪ್ಪಿ ಸರಿ ಐತಿ ಅಂದರೆ ಯಾರದೋ ಜೀವ.

ಈ ಪರೀಕ್ಷೆ ಕೇಳುವುದು ಒಂದೇ ಪ್ರಶ್ನೆ. ಕರೆಂಟು ದಾರಿ ತಪ್ಪಿ ಮಷೀನಿನ ಮೈಗೆ ಬಂದರೆ, ಮಣ್ಣಿನೊಳಗಿಂದ ಟ್ರಾನ್ಸ್‌ಫಾರ್ಮರಿಗೆ ಮರಳುವ ದಾರಿ ಎಷ್ಟು ಇಕ್ಕಟ್ಟು? ಅಂಕಿ ಸಣ್ಣದಿದ್ದಷ್ಟೂ ದಾರಿ ಅಗಲ. ದಾರಿ ಅಗಲವಿದ್ದರೆ ಕರೆಂಟು ಒಮ್ಮೆಲೇ ನುಗ್ಗಿ ಬೋರ್ಡಿನ ಎಂಸಿಬಿ ಸ್ವಿಚ್ಚು ತಟ್ಟನೆ ಬಿದ್ದು ಕರೆಂಟು ಕಡಿಯುತ್ತದೆ. ಹೋದ ರವಿವಾರ ಅಳೆದಾಗ ಅರವತ್ತು ಓಮ್ ದಾಟಿತ್ತು. "ಹಿತ್ತಲದಾಗಿನ ಅರ್ಥಿಂಗ್ ಗುಂಡಿ ಮಣ್ಣು ಒಣಗೇತಿ. ಮಷೀನ ಬಂದ್ ಇಡ್ರಿ, ಮತ್ತ ಬಂದು ನೋಡ್ತೀನಿ" ಎಂದು ಬಂದಿದ್ದೆ.

ಇವತ್ತು ಮೀಟರು ಹನ್ನೆರಡು ತೋರಿಸಿತು. ಮತ್ತೆ ಒತ್ತಿದೆ. ಹನ್ನೆರಡೇ.

"ಎಷ್ಟ ಬಿತ್ರಿ ಮಾರ್ಕು?" ಎಂದರು ಮಾವಶಿ, ಸೆರಗಿನಲ್ಲಿ ಕೈ ಒರೆಸುತ್ತ.

"ಹನ್ನೆರಡು. ಈ ಪರೀಕ್ಷಾದಾಗ ಕಡಿಮಿ ಬಿದ್ದಷ್ಟೂ ಚಲೋ."

"ಹಂಗಾರ ಗೆದ್ವಿ! ಅರವತ್ತು ಹೋಗಿ ಹನ್ನೆರಡಾತು! ಕುಂದ್ರಿ ಜಾವಯಿಬಾಪು, ಚಹಾ ತರ್ತೇನಿ."

ಒಂದು ವಾರದಲ್ಲಿ ಮಣ್ಣಿಗೆ ಇಷ್ಟು ಬುದ್ಧಿ ಹೇಗೆ ಬಂತೆಂದು ನಾನು ಮೀಟರನ್ನೇ ನೋಡುತ್ತಿದ್ದೆ. ಹಿತ್ತಲಿಗೆ ಹೋಗಿದ್ದ ಹೆಂಡತಿ ಅಲ್ಲಿಂದಲೇ ಕೂಗಿದಳು: "ಮಾವಶೀ, ತುಳಸಿ ಬಾಡಿ ಜೋತುಬಿದ್ದೈತಿ, ಬಾಜೂಕಿನ ಗುಂಡಿಗೆ ಅಭಿಷೇಕ ಆಗೇತಲ್ಲ!"

ಹೋಗಿ ನೋಡಿದೆ. ಗುಂಡಿಯ ಸುತ್ತ ಕೆಸರು, ಮೇಲೆ ಬಿಳಿ ಉಪ್ಪು, ಮುಚ್ಚಳಕ್ಕೆ ಅರಿಶಿನ ಕುಂಕುಮ. ವಾರವಿಡೀ ಕೊಡಗಟ್ಟಲೆ ನೀರು ಬಿದ್ದಿತ್ತು.

"ಒಣಗೇತಿ ಅಂತ ನೀವs ಅಂದ್ರಿ" ಎಂದರು ಮಾವಶಿ, ಸಂಕೋಚ ಇಲ್ಲದೆ. "ಮನಿಗೆ ಬೀಗರು ಬರ್ತಾರಂದ್ರ ನೆಲ ಸಾರಸೂದಿಲ್ಲೇನು? ಹಂಗ."

"ಬೀಗರು ಹೋದ ಮ್ಯಾಲ?"

"ಹೋದ ಮ್ಯಾಲ ಯಾರ್ ಸಾರಸ್ತಾರ?"

ಅದೇ ತೊಡಕು. ಎದುರುಮನೆಯಾಕೆ ಬರುವುದು ಗುಂಡಿ ಒಣಗಿದ ದಿನ. ನಾನು ಓದಬೇಕಾದ ಅಂಕಿ ಆ ದಿನದ್ದು, ಸತ್ಕಾರದ ದಿನದ್ದಲ್ಲ. ಅಷ್ಟಕ್ಕೂ ಈ ಹನ್ನೆರಡಾದರೂ ಎಲ್ಲಿ ಪಾಸು? ಇನ್ನೂರ ಮೂವತ್ತು ವೋಲ್ಟನ್ನು ಹನ್ನೆರಡರಿಂದ ಭಾಗಿಸಿದರೆ ಹತ್ತೊಂಬತ್ತು ಆಂಪಿಯರ್. ಬೋರ್ಡಿನ ಎಂಸಿಬಿ ಇಪ್ಪತ್ತರದು. ಅಷ್ಟನ್ನು ಅದು ದಿನವಿಡೀ ಹೊರುತ್ತದೆ; ತಟ್ಟನೆ ಬೀಳಲು ಅದಕ್ಕೆ ಹತ್ತು ಪಟ್ಟು ಬೇಕು.

"ಅಂದ್ರ ನೀರು ಕುಡದೂ ನಪಾಸೇನು?" ಮಾವಶಿಯ ಮುಖ ಸಣ್ಣದಾಯಿತು.

ನಾನು ಚೀಲದಿಂದ ಹೊಸ ಸ್ವಿಚ್ಚು ತೆಗೆದೆ. ಇದಕ್ಕೆ ಅಷ್ಟೆಲ್ಲ ಕರೆಂಟು ಬೇಡ. ಒಂದು ಚೂರು ಸೋರಿದರೂ ಬೀಳುತ್ತದೆ, ಗುಂಡಿ ಒಣಗಿ ಅರವತ್ತಾದರೂ ಇದರ ಕೆಲಸ ನಿಲ್ಲುವುದಿಲ್ಲ ಎಂದು ವಿವರಿಸಿದೆ.

"ಒಲ್ಲೆ" ಎಂದರು. "ಸಮಡೋಳಿ ಊರಾಗ ನಮ್ಮ ವೈನಿ ಮನ್ಯಾಗ ಅದನ್ನ ಹಾಕ್ಯಾರ. ಬಾಳ ಸಿಟ್ಟಿನದು ಐತದು. ಅರ್ಧಾ ಹಿಟ್ಟು ಒಳಗಿದ್ದಾಗ ಬಿದ್ರ, ಅಚ್ಚಿನ್ಯಾಗ ಒಣಗಿ ಕಲ್ಲಾಗತೈತಿ. ನೀವು ಬಂದು ಕೆರೀತೀರೇನು?"

"ಅವ್ರು ಕೆರೀತಾರ ತಗೋ ಮಾವಶಿ, ರವಿವಾರ ಖಾಲಿನs ಇರ್ತಾರ" ಎಂದಳು ಹೆಂಡತಿ.

ಕೆರೆಯುವ ಕರಾರಿಗೆ ಒಪ್ಪಿ, ಮೇನ್ ತೆಗೆದು ಸ್ವಿಚ್ಚು ಕೂರಿಸಿದೆ. ಮೇನ್ ಹಾಕಿ ಮಷೀನು ಚಾಲೂ ಮಾಡಿದೆ. ಟಕ್. ಬಿತ್ತು. ಎತ್ತಿದೆ. ಮತ್ತೆ ಟಕ್.

ಮಾವಶಿ ಸೊಂಟದ ಮೇಲೆ ಕೈ ಇಟ್ಟು ನಿಂತರು. "ನೋಡ್ರಿ, ಬಂದ ದಿನಾನs ಮುನಿಸಿಕೊಂತು!" ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅದು ಸಿಟ್ಟಲ್ಲ, ಚಾಡಿ ಹೇಳುತ್ತಿದೆ ಎಂದೆ. ಯಾರೂ ನಂಬಲಿಲ್ಲ.

ಮತ್ತೆ ಮೇನ್ ತೆಗೆದು ಮಷೀನು ಮಗುಚಿದೆ. ವೈರು ಒಳಹೋಗುವ ತೂತಿನ ತಗಡಿನ ಅಂಚು ವೈರಿನ ಸಿಪ್ಪೆಯನ್ನು ಸವೆಸಿತ್ತು; ಅದರ ಮೇಲೆ ಎಷ್ಟೋ ಬೇಸಿಗೆಯ ಹಿಟ್ಟು ಹಸಿಯಾಗಿ ಮೆತ್ತಿಕೊಂಡಿತ್ತು. ಎದುರುಮನೆಯಾಕೆಗೆ ಝುಮ್ ಅಂದದ್ದು ಇಲ್ಲಿಂದಲೇ. ಹೊಸ ವೈರು ಎಳೆದೆ, ತೂತಿಗೆ ರಬ್ಬರಿನ ಬಳೆ ತೊಡಿಸಿದೆ. ಈ ಸಲ ಮಷೀನು ಗುಂಯ್ ಅಂದಿತು, ಸ್ವಿಚ್ಚು ಅಲುಗಲಿಲ್ಲ. ಅದರ ಟೆಸ್ಟ್ ಬಟನ್ ಒತ್ತಿ ಬೀಳಿಸಿ ತೋರಿಸಿದೆ. ಇದನ್ನು ತಿಂಗಳಿಗೊಮ್ಮೆ ಒತ್ತಿರಿ, ಗುಂಡಿಗೆ ಬೇಸಿಗೆ ಪೂರ್ತಿ ನೀರು ಹಾಕಿರಿ, ಉಪ್ಪು ಗುಂಡಿಯ ಕಂಬಿಗೆ ತುಕ್ಕು ಹಿಡಿಸುತ್ತದೆ, ಅದು ಸಾರಿಗೆ ಇರಲಿ ಎಂದೆ. ಮಾವಶಿ ತಾವೇ ಬಟನ್ ಒತ್ತಿ ಬೀಳಿಸಿದರು, ಇನ್ನೊಮ್ಮೆ ಬೀಳಿಸಿದರು. "ಹೇಳಿದಂಗ ಕೇಳತೈತಿ, ಇರಲಿ ಬಿಡ್ರಿ."

ಸಂಜೆ ಮುಂದೆ ಎದುರುಮನೆಯಾಕೆ ಹಿಟ್ಟಿನ ಪಾತೇಲಿ ಹಿಡಿದು ಹೊಸ್ತಿಲಲ್ಲೇ ನಿಂತಳು. "ಮೊದಲ ಅಳಿಯಾರು ಮುಟ್ಲಿ. ಹಲಗಿ ಮ್ಯಾಲ ನಿಂತಲ್ಲ ಮತ್ತ."

ಮಷೀನಿನ ಮೈಯಲ್ಲಿ ಕರೆಂಟಿಲ್ಲವೆಂದು ಮೀಟರಿನಿಂದ ಖಾತ್ರಿ ಮಾಡಿಕೊಂಡು, ನೆಲದ ಮೇಲೆ ನಿಂತು ಅದಕ್ಕೆ ಕೈ ಹಚ್ಚಿದೆ. ಎಲ್ಲರೂ ನನ್ನ ಮುಖ ನೋಡಿದರು.

"ಏನೂ ಆಗ್ಲಿಲ್ಲೇನ್ರಿ?" ಎಂದಳು ಹೆಂಡತಿ, ತುಸು ನಿರಾಸೆಯಾದವಳಂತೆ.

"ಮುಟ್ಟೀರಂದ ಮ್ಯಾಲ ಒಂದು ಘಾಣ ತಗದs ಬಿಡ್ರಿ" ಎಂದರು ಮಾವಶಿ. ಮೊದಲ ಶ್ಯಾವಿಗೆ ನಾನೇ ತೆಗೆದೆ. ದಪ್ಪ ಬಂತು, ಸೊಟ್ಟ ವಾಂಕಡ ಬಂತು ಎಂದು ಓಣಿಯೆಲ್ಲ ಹೇಳಿತು. ಹೇಳಲಿಕ್ಕೆ ಬಂದವರು ಹಿಟ್ಟು ತಂದೇ ಬಂದಿದ್ದರು. ಹಲಗೆಯ ಮೇಲೆ ಎದುರುಮನೆಯಾಕೆ ಕಾಲು ಚಾಚಿ ಕೂತಳು. ಮಾವಶಿ ಬರಿ ನೆಲದ ಮೇಲೆ ನಿಂತು ಮಷೀನು ನಡೆಸಿದರು. ಮೊದಲು ಎರಡು ಸಲ ಕಾಲ ಬೆರಳು ಮಡಚಿಕೊಂಡರು, ಆಮೇಲೆ ಮರೆತರು.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶ್ಯಾವಿಗೆಯ ಮೇಲೆ ಮಾವಿನಹಣ್ಣಿನ ಸೀಕರಣಿ. ದಪ್ಪನೆಯ ಎಳೆಗಳನ್ನು ಆರಿಸಿ ನನ್ನ ತಾಟಿಗೇ ಹಾಕಿದರು. ಮಾವಶಿ ತುಳಸಿಗೆ ನೀರು ಹಾಕಿ ಬಂದು, ನಾಳೆ ಯಾರ ಪಾಳಿ ಮೊದಲು ಅನ್ನುವುದನ್ನು ಹೇಳುತ್ತ ಹೇಳುತ್ತಲೇ ಎಲ್ಲರಿಗಿಂತ ಮೊದಲು ನಿದ್ದೆಹೋದರು.