ಕನ್ನಡಿಯಲ್ಲಿ ಕಂಡ ಹಿಮದ ಬೆಟ್ಟ

೨೦೦೫, ಜನವರಿ ೧೨, ಬುಧವಾರ, ಬೆಳಿಗ್ಗೆ ಏಳು ಗಂಟೆ ಐದು ನಿಮಿಷ. ದಿನಗಟ್ಟಲೆ ಸುರಿದ ಮಳೆ ನಿಂತಿತ್ತು. ಡೈಮಂಡ್ ಬಾರ್ ಎಂಬ ಊರಿನ ನಮ್ಮ ಮನೆಯಲ್ಲಿ ಉತ್ತರಕ್ಕೆ ಕಿಟಕಿ ಇರುವುದು ಮಹಡಿಯ ನನ್ನ ಕೋಣೆಗೆ ಮಾತ್ರ. ಪರದೆ ಸರಿಸಿದರೆ ಬೆಟ್ಟಸಾಲು ಅರ್ಧದವರೆಗೂ ಹಿಮ ಹೊದ್ದಿತ್ತು. ತುದಿಗೆ ಆಗಷ್ಟೇ ಬಿಸಿಲು ತಾಗಿತ್ತು. ಸ್ಕೂಲಿಗೆ ಹೊರಡುವ ಮೊದಲು ಒಂಬತ್ತು ಫೋಟೋ ತೆಗೆದೆ.

ತೆಗೆದದ್ದು ಅಮ್ಮನಿಗಾಗಿ. ಅಮ್ಮ ಆಗ ಆರು ತಿಂಗಳ ಬಸುರಿ. ಹಿಂದಿನ ವರ್ಷ ಒಂದು ಮಗು ಉಳಿದಿರಲಿಲ್ಲ. ಈ ಸಲ ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು, ಬಾತ್‌ರೂಮಿಗೆ ಮಾತ್ರ ಹೋಗಬಹುದು ಎಂದಿದ್ದರು. ಅವಳ ಕೋಣೆಯ ಕಿಟಕಿಗೆ ಕಾಣುತ್ತಿದ್ದುದು ಪಕ್ಕದ ಮನೆಯ ಗೋಡೆ. ಅಪ್ಪನಿಗೆ ವಾರವಿಡೀ ಸ್ಯಾನ್ ಡಿಯಾಗೋದಲ್ಲಿ ಕೆಲಸ, ಬರುತ್ತಿದ್ದುದು ಶುಕ್ರವಾರ ರಾತ್ರಿ. ಹಗಲು ಅಮ್ಮನನ್ನು ನೋಡಿಕೊಳ್ಳುತ್ತಿದ್ದವರು ಆ ಗೋಡೆಯಾಚೆಯ ಬೆಂಗಳೂರಿನ ಆಂಟಿ. ಮಧ್ಯಾಹ್ನದ ನಮಾಜ್ ಮುಗಿಸಿ, ಬಿಸಿ ಸಾರಿನ ಡಬ್ಬಿ ಹಿಡಿದು ಬರುತ್ತಿದ್ದರು. ಮಗು ಹುಟ್ಟಿದ ಮೇಲಿನ ಮಾತನ್ನು ಮಾತ್ರ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

ಕ್ಯಾಮೆರಾದ ಪುಟ್ಟ ಪರದೆಯನ್ನು ಅಮ್ಮ ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

"ಇದೇನೇ, ಯಾರೋ ಇಡ್ಲಿ ಚೂರು ಚೆಲ್ಲಿದ ಹಾಗಿದೆ?"

ಗುರುವಾರ ಹದಿನಾಲ್ಕು, ಶುಕ್ರವಾರ ಹದಿನೇಳು ಫೋಟೋ ತೆಗೆದೆ. ಆಕಾಶ ಒಂದೊಂದರಲ್ಲೂ ಬೇರೆ ಬಣ್ಣ, ಬೆಟ್ಟ ಮಾತ್ರ ಎಲ್ಲದರಲ್ಲೂ ಇಡ್ಲಿ ಚೂರೇ. ಹಿಮ ದಿನದಿನಕ್ಕೂ ಮೇಲಕ್ಕೆ ಸರಿಯುತ್ತಿತ್ತು.

ಶನಿವಾರ ಆಂಟಿ ಬಂದವರೇ, "ಫೋಟೋ ಸಾಕು ಬಿಡಮ್ಮ, ಬೆಟ್ಟಾನೇ ಒಳಗೆ ಕರ್ಕೊಂಡ್ ಬರೋಣ," ಎಂದರು.

"ಅದಕ್ಕೆ ವೀಸಾ ಯಾರು ಅಪ್ಲೈ ಮಾಡ್ತಾರೆ?" ಎಂದ ಅಪ್ಪ.

"ನೀವು ನಮ್ಮನೇಗೆ ಬಂದು ಕನ್ನಡಿ ಎತ್ಕೊಳ್ಳಿ. ತಮಾಷೆ ಆಮೇಲೆ."

ಅದು ಆಳೆತ್ತರದ ನಿಲುವುಗನ್ನಡಿ. ನಾನೂ ಅಪ್ಪನೂ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿಸಿ, ನನ್ನ ಕೋಣೆಗೂ ಅಮ್ಮನ ಕೋಣೆಗೂ ನಡುವಿನ ಕಾರಿಡಾರ್‌ನಲ್ಲಿ ಓರೆಯಾಗಿ ನಿಲ್ಲಿಸಿದೆವು. ಎರಡೂ ಬಾಗಿಲು ತೆರೆದಿದ್ದವು. ಅಮ್ಮ ಮಲಗಿದಲ್ಲಿಂದಲೇ ಅಪ್ಪಣೆ ಕೊಡತೊಡಗಿದಳು.

"ಸ್ವಲ್ಪ ಈ ಕಡೆ... ಈಗ ಇವಳ ಒಗೆಯೋ ಬಟ್ಟೆ ಕಾಣ್ತಿದೆ. ಇನ್ನೂ ತಿರುಗ್ಸಿ. ರೀ, ನಿಮ್ಮ ಹೊಟ್ಟೆ ಅಡ್ಡ ಬರ್ತಿದೆ!"

ಅಪ್ಪ ಹೊಟ್ಟೆ ಒಳಗೆಳೆದುಕೊಂಡ. ಅಮ್ಮ ದಿಂಬಿನಿಂದ ತಲೆಯೆತ್ತಿದಳು.

"ಅಬ್ಬಾ, ಇಷ್ಟು ದೊಡ್ಡದಾ!" ಆಮೇಲೆ ಕೇಳಿದಳು, "ದೊಡ್ಡ ಶಿಖರದ ಬಲಕ್ಕೆ, ಅದಕ್ಕೇ ಒರಗಿಕೊಂಡಿರೋ ಚಿಕ್ಕದು ಯಾವುದೇ?"

"ಬಲಕ್ಕಲ್ಲಮ್ಮ, ಎಡಕ್ಕೆ. ಕನ್ನಡಿಯಲ್ಲಿ ತಿರುಗುಮುರುಗಾಗಿದೆ."

"ನನಗೆ ಕಾಣೋದು ಬಲಕ್ಕೇ ಕಣೇ. ಮಗು ಹುಟ್ಟಿದ ಮೇಲೆ ಎಲ್ಲರೂ ಅಲ್ಲಿಗೆ ಹೋಗೋಣ. ಆಂಟೀನೂ ಬರಬೇಕು."

ಅಪ್ಪ ಕನ್ನಡಿಯ ಚೌಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. "ಇನ್ಶಾಅಲ್ಲಾ, ನಾನೇ ಡ್ರೈವ್ ಮಾಡ್ತೀನಿ," ಎಂದು ಆಂಟಿ ಮೆಲ್ಲಗೆ ಅಂದರು. ನಾನು ಒಂದೇ ಒಂದು ಫೋಟೋ ತೆಗೆದೆ. ಅದರಲ್ಲಿ ಕನ್ನಡಿಯ ಚೌಕಟ್ಟು, ಅದನ್ನು ಹಿಡಿದ ಅಪ್ಪನ ಬೆರಳುಗಳು, ಒಳಗೆ ಹಿಮದ ಬೆಟ್ಟ. ಆ ಚಳಿಗಾಲದ ಒಟ್ಟು ಲೆಕ್ಕ ನೂರ ಅರವತ್ತೆರಡು ಫೋಟೋ. ಪ್ರಿಂಟ್ ಹಾಕಿಸಿದ್ದು ಇದೊಂದನ್ನೇ.

ಆಂಟಿ ತಮ್ಮ ಕನ್ನಡಿಯನ್ನು ಏಪ್ರಿಲ್‌ವರೆಗೂ ವಾಪಸ್ ಕೇಳಲಿಲ್ಲ. ಏಪ್ರಿಲ್‌ನಲ್ಲಿ ತಂಗಿ ಹುಟ್ಟಿದಳು.

ಈಗ ೨೦೦೮ರ ಫೆಬ್ರವರಿ. ಬೆಟ್ಟದ ಮೇಲೆ ಮತ್ತೆ ಹಿಮ. ತಂಗಿ ನನ್ನ ಮಂಚದ ಮೇಲೆ ನಿಂತು, ಕಿಟಕಿಗೆ ಮೂಗೊತ್ತಿ, ಆ ಚಿಕ್ಕ ಶಿಖರ ತೋರಿಸಿ ಇಂಗ್ಲಿಷಿನಲ್ಲಿ ಹೆಸರು ಕೇಳುತ್ತಾಳೆ. ಅಮ್ಮ "ಕನ್ನಡಿ ಗುಡ್ಡ" ಎನ್ನುತ್ತಾಳೆ. ನಿಜವಾದ ಹೆಸರು ಗೊತ್ತಿಲ್ಲದೆ, ಹೋಗುವ ದಾರಿಯೂ ತಿಳಿಯದೆ ಆ ಪ್ರವಾಸ ಇನ್ನೂ ಬಾಕಿಯಿದೆ. ನಕ್ಷೆ ಹರಡಿ ನೋಡಿದೆ, ಯಾವುದೆಂದು ಗುರುತು ಸಿಗಲಿಲ್ಲ. ಬಲ್ಲವರು ದಯವಿಟ್ಟು ಬರೆದು ತಿಳಿಸಿ. ನಮ್ಮ ಫೋಟೋದಲ್ಲಿ ಅದು ದೊಡ್ಡ ಶಿಖರದ ಬಲಕ್ಕಿದೆ. ನೀವು ಎಡಕ್ಕೆ ಹುಡುಕಬೇಕು.