ಬಿಗಿ ಮಾಡದೆ ಕೊಟ್ಟ ರವಿಕೆ

“ಮಗಳ ಸ್ಕರ್ಟು ಬಿಚ್ಚಿ ಅಗಲ ಮಾಡ್ಕೊಡ್ತೀನಿ. ನಿಮ್ ರವಿಕೆ ಮಾತ್ರ ಇನ್ನು ಬಿಗಿ ಮಾಡಲ್ಲ ಕಣ್ರೀ ಟೀಚರಮ್ಮ,” ಎಂದು ಬಾಣಾವರದ ನಮ್ಮ ಟೈಲರ್ ಜಯಕ್ಕ ರವಿಕೆಯನ್ನು ನನ್ನ ಕೈಗೇ ವಾಪಸ್ ಕೊಟ್ಟರು.

ನನಗೆ ಅರ್ಥವಾಗಲಿಲ್ಲ. ಹೊಸದಕ್ಕೆ ದುಡ್ಡು ಸುರಿಯದೆ ಇದ್ದದ್ದನ್ನೇ ಸರಿ ಮಾಡಿಸಿಕೊಳ್ಳುವವಳು ನಾನು. ಮಗಳ ಯೂನಿಫಾರಂ ಎರಡು ವರ್ಷ ಬರಲೆಂದು ಒಳಗೆ ಬಟ್ಟೆ ಬಿಡಿಸಿಯೇ ಹೊಲಿಸುತ್ತೇನೆ.

ಜಯಕ್ಕ ರವಿಕೆಯ ಒಳಭಾಗ ತಿರುಗಿಸಿ ತೋರಿಸಿದರು. ಪಕ್ಕದಲ್ಲಿ ಮೊದಲಿನದೂ ಸೇರಿ ಮೂರು ಸಾಲು ಹೊಲಿಗೆ ಇತ್ತು. “ಯುಗಾದೀಲಿ ಒಂದ್ಸಲ ಬಿಗಿ ಮಾಡ್ದೆ, ಗೌರಿ ಹಬ್ಬಕ್ಕೆ ಇನ್ನೊಂದ್ಸಲ. ಮಗು ಬೆಳೀತೈತೆ, ಸರಿ. ನೀವ್ಯಾಕೆ ಕರಗ್ತಿದೀರಿ? ಬೆಳಿಗ್ಗೆ ಏನ್ ತಿಂದ್ರಿ?”

ಮಗಳು ಬಿಟ್ಟ ಅರ್ಧ ದೋಸೆಯನ್ನು ಪಾತ್ರೆ ತೊಳೆಯುತ್ತಲೇ ಬಾಯಿಗೆ ಹಾಕಿಕೊಂಡದ್ದು ನೆನಪಾಯಿತು. ಹಾಲು, ಹಣ್ಣು ಮಕ್ಕಳಿಬ್ಬರಿಗೆ ಮತ್ತು ಯಜಮಾನರಿಗೆ. ನನಗೆ ಬೇಡ ಎನ್ನುವುದು ಅಭ್ಯಾಸವಾಗಿತ್ತು. ಅದನ್ನೇ ಜಾಣತನದ ಸಂಸಾರ ಅಂದುಕೊಂಡಿದ್ದೆ. ಕಣ್ಣು ತುಂಬಿ ಬಂತು. ಜಯಕ್ಕ ತಮ್ಮ ಊಟದ ಡಬ್ಬಿಯಿಂದ ರಾಗಿ ರೊಟ್ಟಿ ತೆಗೆದು ಮುಂದಿಟ್ಟರು. ತಿಂದು ಮುಗಿಸುವವರೆಗೂ ಏಳಲು ಬಿಡಲಿಲ್ಲ.

ಈಗ ಕೂತು ತಿಂಡಿ ತಿಂದೇ ಶಾಲೆಗೆ ಹೊರಡುತ್ತೇನೆ. ಕೆಲವು ದಿನ ಬಸ್ಸು ತಪ್ಪುತ್ತದೆ, ಹಳೆಯ ಆಯಾಸವೂ ಪೂರ್ತಿ ಹೋಗಿಲ್ಲ. ಆದರೂ ಬೆಳಿಗ್ಗೆ ಮೂರೇ ತಟ್ಟೆ ಇಡುತ್ತಿದ್ದ ಕೈ ಈಗ ನಾಲ್ಕು ಇಡುತ್ತದೆ.