ಲೋಟ ಹಿಡಿಯುವ ಕೈ

ಬಾಟಲಿಯನ್ನು ದಿಂಬಿಗೆ ಒರಗಿಸಿಟ್ಟು ಎದ್ದು ಹೋಗಬಹುದು. ಲೋಟವನ್ನು ಹಾಗೆ ಒರಗಿಸಲಾಗದು. ಯಾರಾದರೊಬ್ಬರು ಅದನ್ನು ಹಿಡಿದುಕೊಂಡು ಮಗುವಿನ ಪಕ್ಕ ಕೂರಲೇಬೇಕು. ಇದನ್ನು ತಿಳಿಯಲು ಶಾಲೆ ಕಾಲೇಜು ಬೇಕಿಲ್ಲ. ಮಗುವನ್ನು ಒಂದು ದಿನ ನೋಡಿಕೊಂಡವರಿಗೆಲ್ಲ ಗೊತ್ತು. ಆದರೆ ಅಂಗಿ ಹೊಲಿಯುವ ಆ ಕಾರ್ಖಾನೆಯನ್ನು ನಡೆಸುವವರಿಗೆ ಇಂದಿಗೂ ಗೊತ್ತಿಲ್ಲ. ಅಥವಾ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇದ್ದಾರೆ.

ಅಲ್ಲಿ ಅಂಗಿಗೆ ಕಾಲರ್ ಕೂರಿಸುವ ಸಾಲಿನಲ್ಲಿ ಒಬ್ಬ ಹೆಂಗಸು ಕೆಲಸ ಮಾಡುತ್ತಾಳೆ. ಜೊತೆಯವರು ಅವಳನ್ನು ಕಾಲರಕ್ಕ ಎಂದೇ ಕರೆಯುತ್ತಾರೆ. ಸೇರಿದ ಹೊಸದರಲ್ಲಿ ಸೂಜಿ ಬೆರಳಿಗೆ ಹೊಕ್ಕಾಗ ಸಾಲಿಗೆ ಸಾಲೇ ತಿರುಗಿ ನೋಡುವಂತೆ ಕಿರುಚಿದ್ದಳು. ಈಗ ಹೊಕ್ಕರೆ ಬೆರಳು ಎಳೆದುಕೊಂಡು, ಬಟ್ಟೆಗೆ ರಕ್ತ ತಾಗಿತೇ ಎಂದು ಮಾತ್ರ ನೋಡುತ್ತಾಳೆ. ನೋವೇ ಆಗುವುದಿಲ್ಲ ಎಂದಲ್ಲ. ನೋವಾಯಿತು ಎಂದು ತಿಳಿಯುವುದರೊಳಗೆ ಮುಂದಿನ ಅಂಗಿ ಕೈಗೆ ಬಂದಿರುತ್ತದೆ.

ಅವಳ ಮಗಳು, ವರ್ಷ ತುಂಬಿದ ಪುಟ್ಟಿ, ಅದೇ ಕಟ್ಟಡದ ಕೆಳಗಿನ ಮಕ್ಕಳ ಕೋಣೆಯಲ್ಲಿರುತ್ತಾಳೆ. ರಟ್ಟಿನ ಪೆಟ್ಟಿಗೆ ಪೇರಿಸಿಡುವ ಉಗ್ರಾಣಕ್ಕೆ ಅಂಟಿಕೊಂಡ ಕೋಣೆ. ಒಂದು ಕಿಟಕಿ, ಉಗ್ರಾಣದ ಕಡೆಗೊಂದು ಬಾಗಿಲು, ಹೊರಬಾಗಿಲಿಗೆ ಒಂದು ಗಾಜು. ಅಷ್ಟೂ ಕೂಸುಗಳಿಗೆ ಒಬ್ಬಳೇ ಆಯಾ. ಮಂಡಿ ನೋವಿನ ಮುದುಕಿ, ಬಾಯಿ ಮಾತ್ರ ಇನ್ನೂ ಹದಿನಾರರದು. ಎಲ್ಲರಿಗೂ ಅಜ್ಜಿ. ಕತ್ತರಿಸಿ ಬಿಸಾಡಿದ ಬಟ್ಟೆ ಚೂರುಗಳನ್ನು ಸುರುಳಿ ಸುತ್ತಿ, ಒಂದೊಂದು ಮಗುವಿನ ಕೆನ್ನೆಯ ಹತ್ತಿರ ಒಂದೊಂದಿಟ್ಟು, ಅದಕ್ಕೆ ಬಾಟಲಿ ಆನಿಸಿ ಮುಂದೆ ಹೋಗುತ್ತಾಳೆ. ಹಾಗಲ್ಲದೆ ಅವಳಿಗೆ ಬೇರೆ ದಾರಿಯಿಲ್ಲ.

ಬಾಟಲಿ ಕುಡಿಯುವ ಮಗುವಿನ ತಾಯಿಗೆ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಯಂತ್ರ ಬಿಟ್ಟು ಕೆಳಗೆ ಹೋಗಲು ಬಿಡುತ್ತಾರೆ. ಮಗು ಲೋಟ ಹಿಡಿಯಿತೋ, ಅದು ದೊಡ್ಡದಾಯಿತು ಎಂದು ಲೆಕ್ಕ; ತಾಯಿಯ ಬಿಡುವು ಬಂದ್. ಎಲ್ಲಿಯೂ ಬರೆದಿಟ್ಟ ನಿಯಮವಲ್ಲ, ನಡೆದುಕೊಂಡು ಬಂದದ್ದು. ಹಾಗಾಗಿ ಆ ಕೋಣೆಯಲ್ಲಿ ನಡೆಯಲು ಕಲಿತ, ಮಾತು ಕಲಿತ, ಬೈಗುಳ ಕೂಡ ಕಲಿತ ಮಕ್ಕಳು ಬಾಟಲಿ ಕಚ್ಚಿಕೊಂಡೇ ಇರುತ್ತಿದ್ದವು. ತಾಯಂದಿರಿಗೆ ಅದರ ಕಾರಣ ಗೊತ್ತಿತ್ತು. ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೇ.

ಕಾಲರಕ್ಕನೂ ಸುಮ್ಮನಿರುತ್ತಿದ್ದಳೇನೋ. ಆದರೆ ಪುಟ್ಟಿ ನಕ್ಕಾಗ ಮೇಲಿನ ಹಲ್ಲುಗಳ ಬುಡದಲ್ಲಿ ಕಂದು ಗೆರೆ ಕಂಡಿತು. ಹಲ್ಲಿನ ಡಾಕ್ಟರಮ್ಮ ಹೆಬ್ಬೆರಳಲ್ಲಿ ತುಟಿ ಎತ್ತಿ ನೋಡಿದರು.

"ಬಾಟಲಿ ಬಾಯಲ್ಲಿಟ್ಕೊಂಡೇ ಮಲಗ್ತಾಳಾ?"

"ಹಗಲು ಅಲ್ಲಿ ಹಾಗೇ ಮಲಗಿಸ್ತಾರೆ, ಡಾಕ್ಟ್ರೇ."

"ಹಾಲು ಬಾಯಲ್ಲೇ ನಿಂತು ಹುಳುಕು ಹತ್ತಿದೆ. ಬಾಟಲಿ ಬಿಡಿಸಿ, ಲೋಟದಲ್ಲಿ ಕೊಡಿ. ಇದಕ್ಕೇನೂ ಔಷಧಿ ಬೇಡ. ಯಾರಾದ್ರೂ ಕೂತ್ಕೊಂಡು ಕುಡಿಸ್ಬೇಕು, ಅಷ್ಟೇ."

ಅಷ್ಟೇ! ಜಗತ್ತಿನಲ್ಲಿ ಯಾರಿಗೂ ಸಿಗದಿರುವುದೂ ಅಷ್ಟೇ.

ಅಂದು ಸಂಜೆಯಿಂದಲೇ ಮನೆಯಲ್ಲಿ ಅಭ್ಯಾಸ ಶುರುವಾಯಿತು. ಅಂಚು ಮಡಚಿದ ಪುಟ್ಟ ಸ್ಟೀಲ್ ಲೋಟ, ತಳದಲ್ಲಿ ಒಂದು ಗುಟುಕು ಹಾಲು. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಕೆಳತುಟಿಗೆ ಅಂಚು ತಾಗಿಸಿ, ಒಂದಿಷ್ಟು ಓರೆ ಮಾಡಿ ಕಾಯುವುದು. ಸುರಿಯಬಾರದು. ಮಗುವೇ ಬಾಯಿ ಮುಂದೆ ತರಬೇಕು. ಪುಟ್ಟಿ ಮೊದಲು ಲೋಟ ಕಚ್ಚಿದಳು, ಆಮೇಲೆ ಅದರೊಳಗೆ ಗುಳುಗುಳು ಮಾಡಿದಳು, ಆಮೇಲೆ ಅಷ್ಟನ್ನೂ ಎದೆಯ ಮೇಲೆ ಇಳಿಸಿಕೊಂಡಳು.

"ಅಂಗಿ ಹೊಲಿಯೋಳ ಮಗಳಲ್ವಾ, ಅಂಗಿಗೇ ಕುಡಿಸ್ತಾಳೆ" ಎಂದ ಗಂಡ. ಅವನು ಸಿಟಿ ಬಸ್ಸಿನ ಕಂಡಕ್ಟರ್. ತುಟಿಯಂಚಿನಲ್ಲಿ ನಿಂತ ಹಾಲನ್ನು ನೋಡಿ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, "ಒಳಗೆ ಹೋಗಿ, ಒಳಗೆ ಹೋಗಿ! ಬಾಗಿಲಲ್ಲಿ ನಿಲ್ಬೇಡಿ, ಹಿಂದೆ ಜಾಗ ಇದೆ!" ಎಂದು ಕೂಗಿದ. ಪುಟ್ಟಿ ಕೇಕೆ ಹಾಕಿ ನಗುವ ಭರದಲ್ಲಿ ನುಂಗಿಬಿಟ್ಟಳು. ಕಾಲರಕ್ಕನೂ ನಕ್ಕಳು. ನಕ್ಕದ್ದು ಅವಳಿಗೇ ಆಶ್ಚರ್ಯವಾಯಿತು.

ಮಗು ಕಲಿಯಿತು. ಎರಡೂ ಕೈಯಲ್ಲಿ ಲೋಟ ಅಪ್ಪಿ, ಕಣ್ಣನ್ನು ಮೇಲಕ್ಕೆ ಮಾಡಿ, ದೊಡ್ಡವರ ಹಾಗೆ ಕುಡಿಯುತ್ತಿತ್ತು. ಆದರೆ ಲೋಟದ ಅಡಿಗೆ ಬೇರೆಯವರ ಕೈ ಇರಲೇಬೇಕಿತ್ತು, ಇಲ್ಲವಾದರೆ ಅರ್ಧ ನೆಲಕ್ಕೆ. ಇನ್ನು ಉಳಿದದ್ದು ಕಾರ್ಖಾನೆಯಲ್ಲಿ ಮುಚ್ಚಿಡುವುದು. ಬಿಡುವಿನಲ್ಲಿ ಕೆಳಗೆ ಬಂದವಳು ಬಾಗಿಲಿನ ಗಾಜಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ಬಾಟಲಿಯನ್ನು ಹೊರಗೆ ಕಾಣುವಂತೆ ಪಕ್ಕದಲ್ಲಿ ನಿಲ್ಲಿಸಿ, ದುಪಟ್ಟಾದ ಮರೆಯಲ್ಲಿ ಲೋಟದಿಂದ ಕುಡಿಸುತ್ತಿದ್ದಳು. ಅಜ್ಜಿ ಬಾಗಿಲ ಕಡೆ ಒಂದು ಕಣ್ಣಿಟ್ಟಿರುತ್ತಿದ್ದಳು. ಯಾರಾದರೂ ಬಂದರೆ ಕೆಮ್ಮುವುದು ಅವಳ ಪಾಲಿನ ಕೆಲಸ.

"ಹೆತ್ತ ಮಗೀಗೆ ಹಾಲು ಕುಡಿಸೋಕೆ ಕಳ್ಳಿ ಥರ ಕೂತಿದ್ದೀಯಲ್ಲೇ" ಎನ್ನುವಳು ಅಜ್ಜಿ.

"ಸುಮ್ನಿರಜ್ಜಿ, ನಗಿಸ್ಬೇಡ. ಚೆಲ್ಲುತ್ತೆ."

"ನಾನಿಲ್ಲದಾಗ ಏನ್ಮಾಡ್ತೀಯೋ. ನನಗೂ ವಯಸ್ಸಾಯ್ತು, ಕೆಮ್ಮೋಕೂ ಆಗಲ್ಲ."

ಕೆಮ್ಮು ಬಾರದ ದಿನ ಬಂದೇಬಿಟ್ಟಿತು. ಮೇಲಿನ ಮಹಡಿಯಲ್ಲಿ ಕುಡಿಯುವ ನೀರು ಖಾಲಿಯಾಗಿತ್ತು. ಸಾಲಿನ ಮೇಲ್ವಿಚಾರಕ, ಮಾತಿಗೆ ಮುಂಚೆ ಸೀಟಿ ಊದುವುದರಿಂದ ಸೀಟಿ ಸಾರ್ ಎನಿಸಿಕೊಂಡವನು, ಉಗ್ರಾಣದ ಕಡೆಯ ಬಾಗಿಲಿನಿಂದ ಮಕ್ಕಳ ಕೋಣೆಗೆ ಬಂದ. ಮೂಲೆಯ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡ. ಅಜ್ಜಿ ಗಾಜಿನ ಕಡೆ ನೋಡುತ್ತ ನಿಂತಿದ್ದಳು. ಕಾಲರಕ್ಕ ಸ್ಟೀಲ್ ಲೋಟವನ್ನು ತೊಡೆಯ ಕೆಳಗೆ ತುರುಕಿದಳು. ಆದರೆ ಪುಟ್ಟಿ ಸೀಟಿ ಸಾರ್ ಕೈಯಲ್ಲಿದ್ದ ಲೋಟ ಕಂಡು ಎರಡೂ ಕೈ ಚಾಚಿದಳು. ಅವನಿಗೆ ತಮಾಷೆಯೆನಿಸಿತು, ಬಗ್ಗಿ ಲೋಟ ಒಡ್ಡಿದ. ಮಗು ಅಂಚಿಗೆ ತುಟಿ ಕೂರಿಸಿ, ಒಂದು ಹನಿ ಚೆಲ್ಲದೆ ಕುಡಿದು, ಆಹ್ ಎಂದಿತು.

"ಅರೆ ಅರೆ! ಇವಳು ದೊಡ್ಡೋಳೇ ಆಗ್ಬಿಟ್ಳಲ್ಲ!" ಸೀಟಿ ಸಾರ್ ನಿಜವಾಗಿಯೂ ಸಂತೋಷಪಟ್ಟ. "ಒಳ್ಳೇದಾಯ್ತು ಕಣಮ್ಮ. ಇನ್ನು ನಿನಗೆ ಮೆಟ್ಟಿಲು ಹತ್ತಿ ಇಳಿಯೋ ಕಷ್ಟ ತಪ್ಪಿತು."

ಕೋಣೆಯಲ್ಲಿದ್ದ ಬೇರೆ ತಾಯಂದಿರು ತಮ್ಮ ತಮ್ಮ ಬಾಟಲಿ ನೋಡಿಕೊಂಡರು.

"ಸಾರ್, ಅವಳಿಗೆ ಲೋಟ ಯಾರಾದ್ರೂ ಹಿಡ್ಕೋಬೇಕು."

"ಆಯಾ ಇದ್ದಾಳಲ್ಲ?"

"ನನಗಿರೋದು ಎರಡೇ ಕೈ ಸಾರ್" ಎಂದಳು ಅಜ್ಜಿ.

"ಎಲ್ರಿಗೂ ಎರಡೇ ಇರೋದು ಅಜ್ಜಿ" ಎಂದು ನಕ್ಕು, ಉಳಿದ ನೀರು ಕುಡಿದು ಹೋದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ಕಾಲರಕ್ಕ ಅಳಲಿಲ್ಲ. ಮೇಲೆ ಹೋಗಿ ಯಂತ್ರದ ಮುಂದೆ ಕೂತಳು. ಮಧ್ಯಾಹ್ನ ಬೇರೆ ತಾಯಂದಿರು ಎದ್ದು ಕೆಳಗೆ ಹೋದಾಗ ಅವಳ ಕಾಲು ತಾನಾಗಿ ಕುರ್ಚಿಯ ಕೆಳಗೆ ಚಪ್ಪಲಿ ಹುಡುಕಿತು. ಚಪ್ಪಲಿ ಸಿಕ್ಕಿತು ಕೂಡ. ಕಾಲನ್ನು ವಾಪಸು ಪೆಡಲಿನ ಮೇಲಿಟ್ಟಳು. ಕಾಲರ್ ಬಂತು, ಕೂರಿಸಿದಳು. ಇನ್ನೊಂದು ಬಂತು.

ಸಂಜೆ ಕರೆದುಕೊಳ್ಳಲು ಹೋದಾಗ ಪುಟ್ಟಿ ಮಲಗಿದ್ದಳು. ಕೆನ್ನೆಯ ಹತ್ತಿರ ಬಟ್ಟೆಯ ಸುರುಳಿ, ಅದಕ್ಕೆ ಒರಗಿದ ಬಾಟಲಿ, ಬಾಯಲ್ಲಿ ರಬ್ಬರು. ಸ್ಟೀಲ್ ಲೋಟ ಕಿಟಕಿ ಕಟ್ಟೆಯ ಮೇಲೆ ಬೋರಲಾಗಿತ್ತು.

ಅಜ್ಜಿ ಮುಖ ಎತ್ತಲಿಲ್ಲ. "ಒಂದ್ಸಲ ಕೂತು ಕುಡಿಸಿದೆ ಕಣೇ. ಅಷ್ಟರಲ್ಲಿ ಆ ಕಡೆ ಎರಡು ಕಿರುಚಾಡ್ತಿದ್ವು, ಒಂದು ಉರುಳಿಬಿತ್ತು. ಏನ್ಮಾಡ್ಲಿ ಹೇಳು."

"ಏನೂ ಮಾಡೋಕಾಗಲ್ಲ ಬಿಡಜ್ಜಿ."

ಕಾಲರಕ್ಕ ರಬ್ಬರನ್ನು ಮೆಲ್ಲಗೆ ಬಾಯಿಂದ ಬಿಡಿಸಿದಳು. ಮಗುವಿನ ಹಲ್ಲಿನ ಮೇಲೆ ಹಾಲು ತೆಳುವಾಗಿ ನಿಂತಿತ್ತು. ದುಪಟ್ಟಾದ ತುದಿಯಿಂದ ಒರೆಸಿದಳು. ಅಂಗಿಗೆ ರಕ್ತ ತಾಗಿದೆಯೇ ಎಂದು ನೋಡುವ ಹಾಗೆ ಒಂದೊಂದೇ ಹಲ್ಲು ನೋಡಿ, ಮಗುವನ್ನು ಹೆಗಲಿಗೆ ಹಾಕಿಕೊಂಡಳು. ಬಸ್ಸಿನಲ್ಲಿ ಯಾರೋ "ಪಾಪ, ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದೆ" ಎಂದರು. ಹೂಂ ಎಂದಳು.

ಆ ಮಗುವಿಗೆ ಈಗ ಲೋಟದಲ್ಲಿ ಕುಡಿಯಲು ಬರುತ್ತದೆ ಎಂದು ತಾಯಿಯ ಬಿಡುವು ಹೋಯಿತು. ತಾಯಿಯ ಬಿಡುವು ಹೋಯಿತೆಂದು ಮಗುವಿನ ಲೋಟ ಹೋಯಿತು. ಹಲ್ಲಿನ ಗೆರೆ ಮಾತ್ರ ಯಾರಪ್ಪಣೆಗೂ ಕಾಯದೆ ಬೆಳೆಯುತ್ತಿದೆ.

ಇದನ್ನು ಓದುತ್ತಿರುವ ನೀವು ಕೆಲಸ ಕೊಡುವವರಾಗಿದ್ದರೆ ಇನ್ನೊಬ್ಬ ಆಯಾಳನ್ನು ಇಡಿ, ಮಗು ಯಾವುದರಲ್ಲೇ ಕುಡಿಯಲಿ, ತಾಯಿಯನ್ನು ಅದರ ಹತ್ತಿರ ಹೋಗಲು ಬಿಡಿ. ಕೆಲಸ ಮಾಡುವವರಾಗಿದ್ದರೆ ನಾಳೆ ನಿಮ್ಮ ಕಟ್ಟಡದ ಮಕ್ಕಳ ಕೋಣೆಗೆ ಇಳಿದು ಹೋಗಿ ನೋಡಿ. ನಿಮಗೆ ಮಕ್ಕಳಿಲ್ಲದಿದ್ದರೂ ಹೋಗಿ. ನೋಡಿ ಬಂದು, ಮೇಲಿನವರ ಮೇಜಿನ ಮುಂದೆ ನಿಂತು ಕೇಳಿ: ಇಲ್ಲಿ ಲೋಟ ಹಿಡಿಯುವವರು ಯಾರು? ಒಂದು ಹೆಸರು ಹೇಳುವ ತನಕ ಅಲ್ಲಿಂದ ಕದಲಬೇಡಿ.